ಮೇಲಿಲ್ಲ

"ಮೂರು ಕಲಂ ಸಾಕು ಅಕ್ಕಾ," ಎಂದರು ಮ್ಯಾನೇಜರ್. "ಯಾರು ಸತ್ರು, ಎಷ್ಟನೇ ನಿಮಿಷ, ಮ್ಯಾಪಲ್ಲಿ ಯಾವ ಜಾಗ. ಇಷ್ಟು ಬರೀರಿ, ಮಿಕ್ಕಿದ್ದು ನಾನು ನೋಡ್ಕೋತೀನಿ."

ಬೂದಿಗೆರೆ ಹತ್ತಿರದ ಒಂದು ಬಡಾವಣೆಯಲ್ಲಿ ಬಾಡಿಗೆಗೆ ಹಿಡಿದ ಮನೆ ಅದು. ಐದು ಜನ ಹುಡುಗರು ಅಲ್ಲೇ ಉಳಿದುಕೊಂಡು ಬೆಳಿಗ್ಗೆ ಹನ್ನೊಂದರಿಂದ ಸಂಜೆ ಆರರವರೆಗೆ ಮೊಬೈಲಿನಲ್ಲಿ ಒಂದೇ ಆಟ ಆಡುತ್ತಿದ್ದರು. ಆಟವೇ ಅವರ ಕೆಲಸ. ನನ್ನ ಕೆಲಸ ಅಡುಗೆ ಮತ್ತು ಮನೆಯ ಉಸ್ತುವಾರಿ. ಯಾವತ್ತು ನೀರಿನ ಟ್ಯಾಂಕರ್ ಬಂತು, ಕರೆಂಟ್ ಎಷ್ಟು ಹೊತ್ತು ಹೋಯಿತು, ಯಾರು ಊಟ ಬಿಟ್ಟರು ಎಂದು ದಿನವೂ ಬರೆದಿಡುವ ಅಭ್ಯಾಸ ನನಗೆ. ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿನಲ್ಲಿ ಕ್ವಾಲಿಟಿ ಚೆಕಿಂಗ್ ಮಾಡುತ್ತಿದ್ದಾಗ ಕೈಗೆ ಹತ್ತಿದ್ದು, ಬಿಟ್ಟಿಲ್ಲ. ಆ ಪುಸ್ತಕ ನೋಡಿಯೇ ಮ್ಯಾನೇಜರಿಗೆ ಈ ಉಪಾಯ ಹೊಳೆದದ್ದು.

ಸಾವಿನ ಲೆಕ್ಕ ಬರೆಯಬೇಕು ಎಂದರೆ ಮೊದಲು ಆಟ ತಿಳಿಯಬೇಕಲ್ಲ. ಎರಡು ದಿನ ಹುಡುಗರ ಬೆನ್ನ ಹಿಂದೆ ಸ್ಟೂಲ್ ಹಾಕಿಕೊಂಡು ಕೂತೆ. ಐವರ ಎದುರು ಐವರು. ಮೈದಾನಕ್ಕೆ ಮೂರು ದಾರಿ: ಮೇಲೊಂದು, ನಡುವೆ ಒಂದು, ಕೆಳಗೊಂದು. ದಾರಿಗಳ ನಡುವೆ ಕಾಡು, ಕಾಡನ್ನು ಓರೆಯಾಗಿ ಸೀಳುವ ಹೊಳೆ. ಎದುರಿನವರ ಕೋಟೆ ಒಡೆದರೆ ಗೆಲುವು. ಸತ್ತವನು ಮತ್ತೆ ಏಳುತ್ತಾನೆ, ಆದರೆ ಅಷ್ಟು ಹೊತ್ತು ಕೈಕಟ್ಟಿ ಕೂರಬೇಕು. ನಮ್ಮ ಕಡೆ ನಾಲ್ಕೇ ಜನ ಉಳಿಯುತ್ತಾರೆ.

ಪರದೆಯ ಮೂಲೆಯಲ್ಲಿ ಅಂಚೆಚೀಟಿಯಷ್ಟು ಅಗಲದ ಒಂದು ನಕ್ಷೆ ಇರುತ್ತದೆ. ನಮ್ಮವರು ನೀಲಿ ಚುಕ್ಕೆ, ಅವರು ಕೆಂಪು. ನೀಲಿ ಯಾವಾಗಲೂ ಕಾಣುತ್ತದೆ. ಕೆಂಪು ಕಾಣುವುದು ನಮ್ಮವರಲ್ಲಿ ಯಾರಾದರೊಬ್ಬರ ಕಣ್ಣಿಗೆ ಅವರು ಬಿದ್ದಾಗ ಮಾತ್ರ. ಪೊದೆಗೆ ನುಗ್ಗಿದರೆ, ಕಾಡಿಗೆ ಸರಿದರೆ ಚುಕ್ಕೆ ಆರಿಹೋಗುತ್ತದೆ. ಐದರಲ್ಲಿ ಮೂರು ಕೆಂಪು ಕಂಡರೆ ಉಳಿದ ಎರಡು ಎಲ್ಲಿರಬಹುದು ಎಂದು ಪ್ರತಿ ಕ್ಷಣ ತಲೆಯಲ್ಲಿ ಲೆಕ್ಕ ಓಡುತ್ತಿರಬೇಕು. ಕೈ ಒಂದು ಕಡೆ ಹೊಡೆದಾಡುತ್ತಿರಬೇಕು, ಕಣ್ಣು ಮೂರು ನಾಲ್ಕು ಸೆಕೆಂಡಿಗೊಮ್ಮೆ ಮೂಲೆಗೆ ಹೋಗಿ ಬರುತ್ತಿರಬೇಕು. ಮ್ಯಾಪ್ ನೋಡುವುದು ಎಂದರೆ ಅಲ್ಲಿ ಕಾಣುವುದನ್ನು ನೋಡುವುದಲ್ಲ, ಕಾಣದ್ದನ್ನು ಎಣಿಸುವುದು ಎಂದು ನನಗೆ ತಿಳಿಹೇಳಿದವನು ಮೇಲಿನ ದಾರಿ ಕಾಯುತ್ತಿದ್ದ ಹುಡುಗ. ಅವನನ್ನು ಎಲ್ಲರೂ ಟಾಪ್ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ.

ದೇವನಹಳ್ಳಿ ಪಕ್ಕದ ವಿಜಯಪುರದವನು ಟಾಪ್. ಮನೆಮಾತು ದಖನಿ, ಕನ್ನಡ ನಮ್ಮೆಲ್ಲರಷ್ಟೇ ಚೆನ್ನಾಗಿ ಆಡುತ್ತಿದ್ದ. ಅವನ ಮನೆಯವರು ಒಂದೇ ಒಂದು ಸೀಸನ್ ಬಿಟ್ಟುಕೊಟ್ಟಿದ್ದರು. ಫೆಬ್ರವರಿಯ ಅರ್ಹತಾ ಸುತ್ತಿನಲ್ಲಿ ತಂಡ ಗೆದ್ದು ಅವನ ಹೆಸರು ಪಟ್ಟಿಯಲ್ಲಿದ್ದರೆ ಮುಂದೆ ಆಡಬಹುದು. ಇಲ್ಲದಿದ್ದರೆ ಫೋನ್ ಒಳಗಿಟ್ಟು ಚಿಕ್ಕಪ್ಪನ ಅಂಗಡಿಯಲ್ಲಿ ಕೂರಬೇಕು. ಇದನ್ನು ಅವನು ಗೋಳಾಗಿ ಹೇಳಲಿಲ್ಲ. ತಟ್ಟೆ ತೊಳೆಯಲು ಬಂದಾಗ ಹವಾಮಾನ ಹೇಳುವ ಹಾಗೆ ಹೇಳಿದ.

ಒಂದನೇ ವಾರದ ಕೊನೆಗೆ ಪುಸ್ತಕ ನೋಡಿದರೆ ಅವನ ಹೆಸರೇ ಹೆಚ್ಚು. ಎರಡನೇ ವಾರವೂ ಹಾಗೇ. ಜಾಗದ ಕಲಮಿನಲ್ಲಿ ಬಹುಪಾಲು ಒಂದೇ ಬರಹ: ಮೇಲಿನ ದಾರಿ, ಹೊಳೆಯ ಪೊದೆ. ಅಂದರೆ ಪೊದೆಯಲ್ಲಿ ಎದುರಿನವನು ಕಾದಿರುತ್ತಾನೆ, ಇವನು ನಡೆದುಕೊಂಡು ಹೋಗಿ ಅವನ ಬಾಯಿಗೆ ಬೀಳುತ್ತಾನೆ. ಮ್ಯಾನೇಜರ್ ಊಟದ ಹೊತ್ತಿಗೆ ಬಂದು ಪುಟ ತಿರುಗಿಸುವರು. "ಏನಪ್ಪಾ, ಮ್ಯಾಪ್ ಅನ್ನೋದು ಒಂದಿದೆ ಪರದೇಲಿ, ನೋಡಿದೀಯಾ ಯಾವತ್ತಾದ್ರೂ?" ಎನ್ನುವರು. ಉಳಿದವರು ನಗುವರು. ಅವನು ಸೊಪ್ಪಿನ ಸಾರು ಕಲಸಿಕೊಳ್ಳುವನು.

ನನಗೆ ಪಾಪ ಅನ್ನಿಸಿ ಒಂದು ಅಭ್ಯಾಸ ಶುರು ಮಾಡಿದೆ. ಅವರೆಕಾಯಿ ಕಾಲ; ಹಿತಕಲು ದಿನವೂ ಒಂದು ರಾಶಿ ಇರುತ್ತಿತ್ತು. ಹಳೆ ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ಸ್ಕೆಚ್ ಪೆನ್ನಿನಲ್ಲಿ ಮೈದಾನದ ನಕ್ಷೆ ಬರೆದೆ. ಹಿಂದಿನ ದಿನದ ಆಟದ ರೆಕಾರ್ಡಿಂಗನ್ನು ಟಿವಿಗೆ ಹಾಕಿ, ಎಲ್ಲಾದರೊಂದು ಕಡೆ ನಿಲ್ಲಿಸಿ ಟಿವಿ ಆರಿಸುವುದು. ಆಮೇಲೆ ಒಬ್ಬೊಬ್ಬನ ಕೈಗೆ ಐದು ಅವರೆಕಾಳು. ಎದುರಿನ ಐವರೂ ಈ ಗಳಿಗೆಯಲ್ಲಿ ಎಲ್ಲೆಲ್ಲಿದ್ದಾರೆ, ಕಾಣದವರನ್ನೂ ಸೇರಿಸಿ, ಹಾಳೆಯ ಮೇಲೆ ಇಡಬೇಕು. ಇಟ್ಟ ಮೇಲೆ ರೆಕಾರ್ಡಿಂಗನ್ನು ಎದುರಿನವರ ಕಡೆಯಿಂದ ಹಾಕಿ ತಾಳೆ ನೋಡುವುದು. ಮೊದಮೊದಲು ಕ್ಯಾಪ್ಟನ್ ಗೊಣಗಿದ. ಅವನು ನಂದಗುಡಿ ಕಡೆಯವನು, ಕಾಡಿನಲ್ಲಿ ಓಡಾಡುತ್ತಾ ಉಳಿದ ನಾಲ್ವರಿಗೂ ಕೂಗಿ ಹೇಳುವುದು ಅವನ ಪಾಲಿನ ಕೆಲಸ. "ಅಕ್ಕಾ, ಚೌಕಾಬಾರ ಆಡಕ್ಕಾ ನಾವಿಲ್ಲಿ ಬಂದಿರೋದು?" ಎಂದ. ಆದರೆ ಮೂರು ದಿನ ಕಳೆಯುವಷ್ಟರಲ್ಲಿ ಅವರಿಗೇ ಹಟ ಹತ್ತಿತು. ಕಾಳು ಇಡುವುದರಲ್ಲಿ ಒಬ್ಬರನ್ನೊಬ್ಬರು ಮೀರಿಸಲು ನೋಡುತ್ತಿದ್ದರು.

ಕಾಳಿನಾಟದಲ್ಲಿ ಟಾಪನ್ನು ಮೀರಿಸಿದವರೇ ಇಲ್ಲ. ಐದರಲ್ಲಿ ನಾಲ್ಕು ಸರಿ, ಎಷ್ಟೋ ಸಲ ಐದಕ್ಕೈದು. ಒಮ್ಮೆ ಪೊದೆಯೊಳಗಿದ್ದವನ ಕಾಳನ್ನು ಇಟ್ಟು, "ಇವನು ಇನ್ನೂ ಒಳಗೆ ಕೂತಿಲ್ಲ, ಈಗ ಕಾಲಿಡ್ತಾ ಇದಾನೆ" ಎಂದು ಬೆರಳಿನಿಂದ ಒಂಚೂರು ಹಿಂದಕ್ಕೆ ಸರಿಸಿದ. ತಾಳೆ ನೋಡಿದರೆ ಹಾಗೇ ಇತ್ತು.

ಈ ಎರಡು ಸಂಗತಿಯೂ ನನ್ನ ಒಂದೇ ಪುಸ್ತಕದಲ್ಲಿದ್ದವು. ಎಡಪುಟದಲ್ಲಿ ಸಾವು, ಬಲಪುಟದಲ್ಲಿ ಕಾಳು. ಮ್ಯಾಪ್ ಎಲ್ಲರಿಗಿಂತ ಚೆನ್ನಾಗಿ ಓದುವವನು ಎಲ್ಲರಿಗಿಂತ ಹೆಚ್ಚು ಸಾಯುವುದು ಹೇಗೆ ಎಂದು ಒಂದು ಸಲವಾದರೂ ನಿಂತು ಕೇಳಿಕೊಳ್ಳಬೇಕಿತ್ತು. ಮ್ಯಾನೇಜರಿಗೆ ಬಲಪುಟ ತೋರಿಸಿದೆ. "ಅವರೆಕಾಳಿಗೆ ಯಾರೂ ಕಪ್ ಕೊಡಲ್ಲ ಅಕ್ಕಾ," ಎಂದರು. ಇರಬಹುದು, ಕೂತು ನೋಡುವುದು ಬೇರೆ, ಆಡುವುದು ಬೇರೆ ಎಂದುಕೊಂಡು ನಾನೂ ಒಪ್ಪಿಬಿಟ್ಟೆ.

ಜನವರಿ ಕೊನೆಯಲ್ಲಿ ಇನ್ನೊಂದು ತಂಡದ ಜೊತೆ ಐದು ಆಟದ ಅಭ್ಯಾಸ ಪಂದ್ಯ. ನಾಲ್ಕರಲ್ಲಿ ಸೋತೆವು. ಅದರಲ್ಲಿ ಕೊನೆಯದು ಗೆಲ್ಲುವ ಹಾಗಿತ್ತು. ಟಾಪ್ ಹೊಳೆ ದಾಟಿ ಮುಂದೆ ಹೋದ, ಪೊದೆಯಿಂದ ಇಬ್ಬರು ಎದ್ದರು, ಅಲ್ಲಿಗೆ ಮುಗಿಯಿತು. ಮಾರನೇ ದಿನ ಮಧ್ಯಾಹ್ನ ಮ್ಯಾನೇಜರ್ ಊಟದ ಮೇಜಿನ ಹತ್ತಿರವೇ ಪುಸ್ತಕ ತರಿಸಿಕೊಂಡರು. ಮೂರು ವಾರದ ಎಡಪುಟಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. ಹೆಸರು, ನಿಮಿಷ, ಜಾಗ. ಹೆಸರು, ನಿಮಿಷ, ಜಾಗ. ಆಮೇಲೆ ಆ ಪುಟಗಳ ಫೋಟೋ ತೆಗೆದುಕೊಂಡು, "ನಾನು ಹೇಳ್ತಿರೋದಲ್ಲಪ್ಪಾ, ಪುಸ್ತಕ ಹೇಳ್ತಿದೆ. ನಿನ್ನ ಜಾಗಕ್ಕೆ ಬೇರೆಯವರನ್ನ ಕರೆಸ್ತಾ ಇದೀವಿ," ಎಂದರು.

ಟಾಪ್ ಕ್ಯಾಪ್ಟನ್ ಕಡೆ ನೋಡಿದ. ಕ್ಯಾಪ್ಟನ್ ಮಜ್ಜಿಗೆ ಲೋಟದೊಳಗೆ ನೋಡುತ್ತಿದ್ದ.

ಬ್ಯಾಗು ತುಂಬಿಕೊಂಡು ಅಡುಗೆಮನೆ ಬಾಗಿಲಿಗೆ ಬಂದವನು ಕೇಳಿದ: "ಅಕ್ಕಾ, ಅದು ಪೂರ್ತಿ ನೀವೇ ಬರೆದಿದ್ದಾ?"

ಹೌದು ಎಂದೆ.

"ತಪ್ಪು ಬರ್ದಿರಲ್ಲ ನೀವು," ಎಂದು ಚಪ್ಪಲಿ ಮೆಟ್ಟಿಕೊಂಡ. ಚಿಕ್ಕಪ್ಪನೇ ಸ್ಕೂಟರಿನಲ್ಲಿ ಬಂದು ಕರೆದುಕೊಂಡು ಹೋದರು.

ಅವನ ಜಾಗಕ್ಕೆ ಕ್ಯಾಪ್ಟನ್ ಗೆಳೆಯನೊಬ್ಬ ಬಂದ. ಹಾಲ್‌ನಲ್ಲಿ ಉದ್ದ ಮೇಜು, ಕ್ಯಾಪ್ಟನ್ ನಡುವೆ, ಆಚೀಚೆ ಉಳಿದವರು. ಟಾಪ್ ಕೂರುತ್ತಿದ್ದ ಕುರ್ಚಿ ಮಾತ್ರ ಕಂಬದಿಂದಾಚೆ, ಗೋಡೆಯ ಪ್ಲಗ್ಗಿನ ಪಕ್ಕ. ಮನೆ ಜೋಡಿಸುವಾಗ ಆ ಮೂಲೆಗೆ ಅವನನ್ನು ಕೂರಿಸಿದವಳು ನಾನು. ಬೇರೆಯವರಾಗಿದ್ದರೆ ಜಾಗದ ತಕರಾರು ತೆಗೆಯುತ್ತಿದ್ದರು, ಇವನು ತೆಗೆಯುವುದಿಲ್ಲ ಎಂದು. ಹೊಸಬನೂ ಅದೇ ಕುರ್ಚಿಯಲ್ಲಿ ಕೂತ. ನಾನು ಹೊಸ ಪುಟಕ್ಕೆ ಅವನ ಹೆಸರು ಬರೆದೆ.

ನಾಲ್ಕನೇ ದಿನ ಸಂಜೆ ಆ ಪುಟವನ್ನು ಮೇಲಿಂದ ಕೆಳಗೆ ಓದಿದೆ. ಹೆಸರೊಂದು ಬೇರೆ. ಮಿಕ್ಕಿದ್ದೆಲ್ಲ ಹಳೇ ಪುಟದ ನಕಲಿನ ಹಾಗಿತ್ತು: ಮೇಲಿನ ದಾರಿ, ಹೊಳೆಯ ಪೊದೆ, ಮೇಲಿನ ದಾರಿ, ಹೊಳೆಯ ಪೊದೆ.

ಇಂಥದ್ದು ನನಗೆ ಹೊಸದಲ್ಲ. ಗಾರ್ಮೆಂಟ್ಸಿನಲ್ಲಿ ಕಾಲರ್ ಸೊಟ್ಟ ಬಂದರೆ ಕಾಲರ್ ಕೂರಿಸಿದವಳ ಹೆಸರಿಗೆ ಬರೆಯುತ್ತಿದ್ದೆವು. ಅವಳನ್ನು ಬದಲಾಯಿಸಿ ಬೇರೆಯವಳನ್ನು ಕೂರಿಸಿದರೂ ಕಾಲರ್ ಸೊಟ್ಟವೇ ಬಂದರೆ ಆಗ ಕಟಿಂಗ್ ಟೇಬಲ್ಲಿಗೆ ಹೋಗಿ ನೋಡುವುದು. ನೋಡಿದರೆ ಬಟ್ಟೆ ಅಲ್ಲೇ ಸೊಟ್ಟ ಕತ್ತರಿಸಿರುತ್ತಿತ್ತು. ಅಷ್ಟರಲ್ಲಿ ಮೊದಲಿನವಳು ಮನೆಗೆ ಹೋಗಿರುತ್ತಿದ್ದಳು. ತಪ್ಪು ಯಾರ ಕೈಯಲ್ಲಿ ಸಿಕ್ಕಿತು ಅನ್ನುವುದನ್ನು ಬರೆಯಲು ಕಲಂ ಇತ್ತು, ಯಾರ ಕೈಯಿಂದ ಹೊರಟಿತು ಅನ್ನುವುದಕ್ಕೆ ಇರಲಿಲ್ಲ. ಇದೆಲ್ಲ ಕಣ್ಣಾರೆ ಕಂಡವಳು ನಾನು, ಮತ್ತೆ ಅದನ್ನೇ ಮಾಡಿದ್ದೆ.

ಮಾರನೇ ಬೆಳಿಗ್ಗೆ ಹುಡುಗರು ಏಳುವ ಮೊದಲೇ ಹಳೇ ರೆಕಾರ್ಡಿಂಗುಗಳನ್ನು ತೆಗೆದೆ. ಆಟದ ಜೊತೆ ಅವರ ಹೆಡ್‌ಸೆಟ್ಟಿನ ಮಾತೂ ರೆಕಾರ್ಡ್ ಆಗುತ್ತಿತ್ತು. ಗದ್ದಲ ಅಂತ ನಾನು ಅದನ್ನು ಹಾಕುತ್ತಲೇ ಇರಲಿಲ್ಲ. ಈಗ ಅವರೆ ಹಿತಕುತ್ತಾ ಮಾತನ್ನೇ ಕೇಳಿಸಿಕೊಂಡೆ. ಎಡಪುಟದಲ್ಲಿ ಸಾವಿನ ಪಕ್ಕ ನಾಲ್ಕನೇ ಕಲಂ ಎಳೆದು, ಸಾಯುವ ಮೊದಲು ಕಿವಿಗೆ ಬಿದ್ದ ಕೊನೆಯ ಮಾತು ಏನು ಎಂದು ಬರೆಯುತ್ತಾ ಹೋದೆ.

"ಮೇಲಿಲ್ಲ." "ಮೇಲಿಲ್ಲ ಮೇಲಿಲ್ಲ." "ಲೇ, ಮೇಲಿಲ್ಲ ಕಣೋ."

ಎಲ್ಲವೂ ಕ್ಯಾಪ್ಟನ್ ದನಿ. ಒಂದು ಪುಟ ತುಂಬಿದ ಮೇಲೆ ಅರ್ಥವಾಗತೊಡಗಿತು. ಕ್ಯಾಪ್ಟನ್ ಹೊಳೆಯ ಪೊದೆಗೆ ತಾನೇ ನುಗ್ಗಿ ನೋಡಿ, ಅಲ್ಲಿ ಯಾರೂ ಇಲ್ಲದಿದ್ದರೆ ಮೇಲಿಲ್ಲ ಅನ್ನುತ್ತಿದ್ದ. ಅಂದರೆ ದಾರಿ ಸಲೀಸು, ಮುಂದೆ ಹೋಗು. ಅದುವರೆಗೆ ಮೇಲೆ ಕಾಣುತ್ತಿದ್ದ ಕೆಂಪು ಚುಕ್ಕೆ ಇದ್ದಕ್ಕಿದ್ದ ಹಾಗೆ ಆರಿಹೋದರೂ ಮೇಲಿಲ್ಲ ಅನ್ನುತ್ತಿದ್ದ. ಅಂದರೆ ಅವನು ಕಣ್ಣಿಗೆ ಕಾಣುತ್ತಿಲ್ಲ, ಎಲ್ಲೋ ಅಡಗಿದ್ದಾನೆ, ಹಿಂದೆ ಸರಿ. ಎರಡೂ ಕನ್ನಡವೇ, ಎರಡೂ ಸರಿಯೇ. ಅವಸರದಲ್ಲಿ ಎರಡೂ ಒಂದೇ ಮಾತಾಗಿ ಕುಗ್ಗಿದ್ದವು. ಅವರ ಹಿಂದೆ ಕೂತು ನೋಡಿದ್ದು ಆಗ ನೆನಪಾಯಿತು: ಹುಷಾರು ಅನ್ನುವ ಅರ್ಥದಲ್ಲಿ ಹೇಳುವಾಗ ಅವನ ಎಡಮೊಣಕೈ ಮೇಜಿನಿಂದ ಮೇಲೇಳುತ್ತದೆ. ಅಕ್ಕಪಕ್ಕದವರಿಗೆ ಅದು ಕಣ್ಣಂಚಿನಲ್ಲಿ ಕಾಣುತ್ತದೆ, ಪಕ್ಕದ ಪರದೆಯೂ ಕಾಣುತ್ತದೆ. ಕಂಬದ ಆಚೆ ಕೂತವನಿಗೆ ಬರೀ ಮಾತು.

ಅವತ್ತು ಹನ್ನೊಂದಕ್ಕೆ ಆಟ ಶುರುವಾಗುವ ಮೊದಲು ಅವರ ಮುಂದೆ ನಿಂತೆ. ಮ್ಯಾನೇಜರೂ ಇದ್ದರು. ನನ್ನ ಕೆಲಸ ಅಡುಗೆ, ಇವತ್ತು ಆಟ ನಿಲ್ಲಿಸಿ ಅನ್ನುವ ಅಧಿಕಾರ ನನಗಿರಲಿಲ್ಲ. ಆದರೂ ವೈಫೈ ಸ್ವಿಚ್ ಆರಿಸಿ, ಇದನ್ನು ಕೇಳಿ ಆಮೇಲೆ ಆಡಿ ಎಂದೆ. ರೆಕಾರ್ಡಿಂಗಿನ ಮಾತನ್ನಷ್ಟೇ ಹಾಕಿ, ಚಿತ್ರ ಆರಿಸಿ, ಒಂದೊಂದು ಮೇಲಿಲ್ಲಕ್ಕೂ ನಿಲ್ಲಿಸಿ ಕ್ಯಾಪ್ಟನ್ನನ್ನೇ ಕೇಳಿದೆ: ಇಲ್ಲಿ ಮುಂದೆ ಹೋಗು ಅಂದಿದ್ದಾ, ಹಿಂದೆ ಬಾ ಅಂದಿದ್ದಾ?

ಮೊದಲೆರಡಕ್ಕೆ ಧೈರ್ಯವಾಗಿ ಹೇಳಿದ, ಚಿತ್ರ ಹಾಕಿ ನೋಡಿದರೆ ಎರಡೂ ತಪ್ಪು. ಮೂರನೆಯದಕ್ಕೆ "ಗೊತ್ತಾಗ್ತಿಲ್ಲ ಅಕ್ಕಾ," ಎಂದ. ನಾಲ್ಕನೆಯದನ್ನು ಹಾಕಲು ಬಿಡಲಿಲ್ಲ.

ಆಮೇಲೆ ಮಾತು ಹುಡುಕಿದೆವು. ಹೋಗಿ ನೋಡಿ ಯಾರೂ ಇರದಿದ್ದರೆ "ಖಾಲಿ". ಕಂಡವನು ಕಾಣೆಯಾದರೆ "ಮಾಯ". ಇಲ್ಲ ಅನ್ನುವ ಮಾತು ಮೇಜಿನ ಮೇಲೆ ಬರಕೂಡದು. ಅಂದವನು ಅವತ್ತಿನ ಪಾತ್ರೆ ತೊಳೆಯಬೇಕು. ಮೊದಲ ದಿನ ಕ್ಯಾಪ್ಟನ್ನೇ ಅಷ್ಟೂ ಪಾತ್ರೆ ತೊಳೆದ. "ಹುಟ್ಟಿದಾಗಿಂದ ಇಲ್ಲ ಅಂತಾನೇ ಅಂದ್ಕೊಂಡು ಬಂದಿದೀವಲ್ಲ ಗುರು," ಎಂದು ನಡುದಾರಿಯವನು ರೇಗಿಸಿದ. ವಾರದೊಳಗೆ ಬಾಯಿ ತಿರುಗಿತು. ಹೊಸಬನ ಪುಟದಲ್ಲಿ ಪೊದೆಯ ಸಾವು ದಿನಕ್ಕೊಂದಕ್ಕಿಳಿದು, ಆಮೇಲೆ ಎರಡು ದಿನಕ್ಕೊಂದಾಯಿತು.

ಆ ವಾರವೇ ಮ್ಯಾನೇಜರಿಗೆ ಹೇಳಿದೆ, ಟಾಪನ್ನು ವಾಪಸ್ಸು ಕರೆಸಿ ಎಂದು. ಅವನ ತಪ್ಪಲ್ಲ ಅನ್ನುವುದಕ್ಕೆ ನಾಲ್ಕನೇ ಕಲಂ ತೋರಿಸಿದೆ. ಅವರು ಎಲ್ಲವನ್ನೂ ಓದಿದರು, ಬೇಡ ಅನ್ನುವ ಮನುಷ್ಯರಲ್ಲ ಅವರು. "ನೀವು ಹೇಳೋದು ಸರಿ ಅಕ್ಕಾ. ಆದ್ರೆ ಈಗ ಟೀಮ್ ಸೆಟ್ ಆಗಿದೆ. ಹೆಸರುಗಳನ್ನೂ ಕಳಿಸಿಯಾಯ್ತು," ಎಂದರು. ಹೆಸರು ತಿದ್ದಲು ಇನ್ನೂ ಎರಡು ದಿನ ಕಾಲಾವಕಾಶ ಇದ್ದದ್ದು ನನಗೆ ಆಮೇಲೆ ಗೊತ್ತಾಯಿತು.

ಅರ್ಹತಾ ಸುತ್ತಿನಲ್ಲಿ ಗೆದ್ದೆವು. ಆಟದ ನೇರಪ್ರಸಾರದಲ್ಲಿ ಮಾತಾಡಿಸಿದಾಗ ಮ್ಯಾನೇಜರ್ ಖಾಲಿ, ಮಾಯ ಎರಡನ್ನೂ ಹೇಳಿ, ಇದು ನಮ್ಮ ತಂಡ ಕಟ್ಟಿಕೊಂಡ ಪದ್ಧತಿ ಎಂದರು. ಹೊಸಬನ ಮ್ಯಾಪ್ ಪ್ರಜ್ಞೆಯನ್ನು ನಿರೂಪಕ ಬಾಯ್ತುಂಬ ಹೊಗಳಿದ. ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ. ನನ್ನ ಹೆಸರು ಬರಲಿಲ್ಲ ಅಂತ ಬೇಜಾರಾಗಲಿಲ್ಲ. ಬೇಜಾರಾದದ್ದು ಎರಡು ದಿನದ ಮೇಲೆ. ಟಾಪ್ ಇನ್ನೊಂದು ತಂಡದಲ್ಲಿ ಜಾಗ ಕೇಳಿದ್ದನಂತೆ. ಆ ತಂಡದವರು ನಮ್ಮ ಮ್ಯಾನೇಜರನ್ನು ವಿಚಾರಿಸಿದರಂತೆ. ಇವರು ಮಾತಿಲ್ಲದೆ ಅವತ್ತಿನ ಫೋಟೋಗಳನ್ನು ಕಳಿಸಿಬಿಟ್ಟರಂತೆ. ನನ್ನ ಕೈಬರಹ, ಮೂರು ಕಲಂ. ಹುಡುಗರ ಮಾತಿನಿಂದ ಇದು ಕಿವಿಗೆ ಬಿತ್ತು. ಕೇಳಿದ್ದಕ್ಕೆ ಮ್ಯಾನೇಜರ್, "ಇರೋದನ್ನ ಕಳಿಸಿದೀನಿ ಅಕ್ಕಾ, ಸುಳ್ಳೇನಾದ್ರೂ ಇತ್ತಾ ಅದ್ರಲ್ಲಿ?" ಎಂದರು. ಸುಳ್ಳು ಇರಲಿಲ್ಲ.

ಆ ತಂಡದ ನಂಬರ್ ಹುಡುಗರಿಂದ ತೆಗೆದುಕೊಂಡು ನಾಲ್ಕನೇ ಕಲಮಿನ ಫೋಟೋ ಕಳಿಸಿದೆ, ಉದ್ದಕ್ಕೆ ವಿವರಣೆಯನ್ನೂ ಟೈಪ್ ಮಾಡಿದೆ. ನೋಡಿದ್ದಾರೆ ಎಂದು ತೋರಿಸಿತು. ಉತ್ತರ ಬರಲಿಲ್ಲ. ಅಡುಗೆಯವಳ ಮೆಸೇಜು ತಾನೇ.

ಭಾನುವಾರ ಬಸ್ಸು ಹಿಡಿದು ದೇವನಹಳ್ಳಿಯಲ್ಲಿ ಇಳಿದು, ಅಲ್ಲಿಂದ ವಿಜಯಪುರಕ್ಕೆ ಹೋದೆ. ಚಿಕ್ಕಪ್ಪನದು ಪ್ಲಾಸ್ಟಿಕ್ ಬಿಂದಿಗೆ, ಬಕೆಟ್ಟು ಮಾರುವ ಅಂಗಡಿ. ಟಾಪ್ ಏಣಿ ಹತ್ತಿ ಮೇಲಿಂದ ಸ್ಟೂಲ್ ಇಳಿಸುತ್ತಿದ್ದ. ನನ್ನನ್ನು ಕಂಡು ಇಳಿದು ಬಂದ, ಅದೇ ಸ್ಟೂಲ್ ಒರೆಸಿ ಹಾಕಿದ. ಚಿಕ್ಕಪ್ಪ ಟೀಗೆ ಹೇಳಿದರು.

ಪುಸ್ತಕ ಕೊಟ್ಟೆ. ನಿಂತೇ ಓದಿದ. ನಾಲ್ಕನೇ ಕಲಮಿನ ಮೇಲೆ ಬೆರಳು ಇಟ್ಟುಕೊಂಡು ಪುಟದ ತಳದವರೆಗೂ ಇಳಿದ, ಮುಂದಿನ ಪುಟಕ್ಕೆ ಹೋದ. ನಾನು ತಪ್ಪು ಬರೆದೆ ಕಣಪ್ಪಾ ಎಂದೆ. ನನಗೆ ಹೇಳಲು ಇದ್ದದ್ದು ಅಷ್ಟೇ, ಅದನ್ನು ಹೇಳಲೆಂದೇ ಬಂದದ್ದು.

"ನಿಮ್ದೇನೂ ಇಲ್ಲ ಅಕ್ಕಾ," ಎಂದ. ಪುಟದ ಮೇಲಿನ ಬೆರಳು ತೆಗೆಯದೆ ಹೇಳಿದ: "ಆ ಪೊದೇಲಿ ಅವನು ಕೂತಿದಾನೆ ಅಂತ ನಂಗೆ ಪ್ರತೀ ಸಲ ಗೊತ್ತಾಗ್ತಿತ್ತು. ಆದ್ರೆ ಕ್ಯಾಪ್ಟನ್ ಹೋಗಿ ನೋಡ್ಕೊಂಡು ಹೇಳ್ತಿದಾನಲ್ಲ ಅಂತ ಹೋಗ್ಬಿಡ್ತಿದ್ದೆ. ಅವನ ಮಾತಿಗಿಂತ ನನ್ನ ಲೆಕ್ಕ ದೊಡ್ಡದಾ ಅಂತ."

ಇದು ನನ್ನ ಯಾವ ಕಲಮಿನಲ್ಲೂ ಇರಲಿಲ್ಲ.

ಗಿರಾಕಿಯೊಬ್ಬರು ಮುಚ್ಚಳ ಇರುವ ಬಕೆಟ್ ಕೇಳಿದರು. ಅವನು ತೆಗೆದುಕೊಟ್ಟು ಬಂದ. ಮತ್ತೆ ಯಾವುದಾದರೂ ತಂಡಕ್ಕೆ ಪ್ರಯತ್ನ ಮಾಡು, ನಾನು ಬಂದು ಹೇಳುತ್ತೇನೆ ಎಂದೆ. ಫೋನ್ ತಮ್ಮನಿಗೆ ಕೊಟ್ಟುಬಿಟ್ಟೆ ಎಂದ. ಪುಸ್ತಕ ಮುಚ್ಚಿ ಎರಡೂ ಕೈಯಲ್ಲಿ ನನಗೆ ವಾಪಸ್ಸು ಕೊಟ್ಟ. ಟೀ ಬಂತು.

"ಕ್ಯಾಪ್ಟನ್ ಏನಾದ್ರೂ ಕೇಳಿದ್ನಾ ಅಕ್ಕಾ? ನನ್ನ ವಿಷ್ಯ."

"ಕೇಳ್ದ ಕಣಪ್ಪಾ. ಹೇಗಿದಾನೆ ನೋಡ್ಕೊಂಡು ಬಾ ಅಕ್ಕಾ ಅಂದ," ಎಂದೆ.

ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಕೋಪ ಮಾಡಿಕೊಳ್ಳಲಿಲ್ಲ.

"ಅವನು ಕೇಳಿಲ್ಲ ಅಕ್ಕಾ," ಎಂದ. "ಟೀ ಕುಡೀರಿ, ಆರೋಗುತ್ತೆ."